ಆಗ್ನೇಯ ಮೂಲೆ

ಐಸಿಯು ಬಾಗಿಲ ಹೊರಗೆ ಗುಡ್ಡೆ ಬಿದ್ದಿದ್ದ ಚಪ್ಪಲಿಗಳನ್ನು ಕಂಡು ಗಂಗಾಧರಯ್ಯನಿಗೆ ಬೆಳಿಗ್ಗೆಯೇ ರೇಗಿತು. ಬಂದಿದ್ದಾರೆ, ಬಾಡೂಟಕ್ಕೆ ಬಂದ ಹಾಗೆ, ಎಂದುಕೊಂಡ. ಒಳಗೆ ಯಾರು ಯಾರಿದ್ದಾರೆಂದು ಚಪ್ಪಲಿ ನೋಡಿಯೇ ಅವನು ಹೇಳಬಲ್ಲ. ಹಿಮ್ಮಡಿ ಸವೆದ ಹವಾಯಿ ಅಕ್ಕ ಬೈರಮ್ಮನದು. ಜರಿಪಟ್ಟಿಯದು ಗೊಟ್ಟಿಗೆರೆಯ ಬೀಗಿತ್ತಿಯದು. ಬಾಯಿ ಕಿಸಿದುಕೊಂಡು ಮಗುಚಿಬಿದ್ದ ಕರಿ ಬೂಟು ಬೀಗನದು, ಅವನ ಬಾಯಿಯೂ ಹೆಚ್ಚುಕಡಿಮೆ ಹಾಗೆಯೇ. ಕಾಯಿಲೆ ಬಿದ್ದವರನ್ನು ನೋಡಲು ಬರದಿದ್ದರೆ ನಾಳೆ ಹೆಚ್ಚುಕಡಿಮೆಯಾದಾಗ ಮುಖ ತೋರಿಸುವುದು ಹೇಗೆ ಎಂದು ಹೆದರಿ ಬರುವ ಜನ ಇವರು. ದೇವಸ್ಥಾನಕ್ಕೆ ಬಂದವರ ಭಕ್ತಿಯಿಂದ ಚಪ್ಪಲಿ ಬಿಟ್ಟು, ಬಾಗಿಲಿಗೆ ನೇತುಹಾಕಿದ ಸ್ಯಾನಿಟೈಸರ್ ಬಾಟಲಿಯನ್ನು ಒಮ್ಮೆ ಒತ್ತಿ, ಖಾಲಿ ಬಾಟಲಿ ಬರೀ ಕೆಮ್ಮಿದರೂ ತೀರ್ಥ ತೆಗೆದುಕೊಂಡವರ ಹಾಗೆ ಬರಿಗೈ ಉಜ್ಜಿಕೊಂಡು ಒಳಗೆ ಹೋಗುತ್ತಿದ್ದರು. ಹೋಗಿ ಅವನ ಹೆಂಡತಿ ಮಂಗಮ್ಮನ ಹಣೆ ಮುಟ್ಟುವರು, ಕೈ ಹಿಡಿಯುವರು, ಕಾಲು ಒತ್ತುವರು, ಪಕ್ಕದ ಹಾಸಿಗೆಯ ಸರಳು ಹಿಡಿದು ನಿಂತು “ಇವರ್ಗೇನಂತೆ?” ಎಂದು ಅಲ್ಲಿ ಮಲಗಿದವನ ಜಾತಕವನ್ನೂ ವಿಚಾರಿಸುವರು, ತಿರುಗಿ ಬಂದು ಮಂಗಮ್ಮನ ಕೆನ್ನೆ ಸವರಿ, ಸೆರಗಿನಿಂದ ಕಣ್ಣೊರೆಸಿಕೊಂಡು ಹೊರಗೆ ಬರುವರು. ಬೇರೆ ಕಡೆಯಾಗಿದ್ದರೆ ಸೆಕ್ಯೂರಿಟಿಯವನು ತಡೆಯುತ್ತಿದ್ದ. ಇಲ್ಲಿ ಅವನು ಎದ್ದು ನಿಂತು ಸಲಾಮು ಹೊಡೆಯುತ್ತಿದ್ದ, ಓನರ್ ಕಡೆಯವರು ಎಂದು.

ಆಸ್ಪತ್ರೆ ಗಂಗಾಧರಯ್ಯನದಲ್ಲ, ಕಟ್ಟಡ ಅವನದು. ಜರಗನಹಳ್ಳಿಯಲ್ಲಿ ಅವನ ಅಪ್ಪ ರಾಗಿ ಬೆಳೆಯುತ್ತಿದ್ದ ಹೊಲದ ಒಂದು ತುಂಡು ಕನಕಪುರ ರಸ್ತೆಗೆ ಮುಖ ಮಾಡಿಕೊಂಡು ಉಳಿದಿತ್ತು. ಅದರ ಮೇಲೆ ಮಹಡಿಗಳನ್ನೆಬ್ಬಿಸಿ, ನೆಲಮಹಡಿಯನ್ನು ಬೇಕರಿಗೂ ಮೇಲಿನದೆಲ್ಲ ಡಾಕ್ಟರ್ ದಿನೇಶನ ನರ್ಸಿಂಗ್ ಹೋಮಿಗೂ ಬಾಡಿಗೆಗೆ ಕೊಟ್ಟಿದ್ದ. ಬೇಕರಿಯನ್ನು ಎಂದೂ ನಮ್ಮ ಬೇಕರಿ ಎಂದವನಲ್ಲ. ಇದನ್ನು ಮಾತ್ರ ‘ನಮ್ಮ ಆಸ್ಪತ್ರೆ’ ಅನ್ನುತ್ತಿದ್ದ. ಡಾಕ್ಟರು ಬಾಡಿಗೆದಾರನಾಗಿ ಸಿಕ್ಕಿದರೆ ಅದರ ಸುಖವೇ ಬೇರೆ. ಅಷ್ಟೆಲ್ಲ ಓದಿದವನು, ಕೊರಳಿಗೆ ಸ್ಟೆತಾಸ್ಕೋಪು ಹಾಕಿಕೊಂಡವನು, ತನ್ನ ಟವೆಲು ಕಂಡ ಕೂಡಲೇ ಕುರ್ಚಿಯಿಂದ ಎದ್ದು “ಬನ್ನಿ ಸಾರ್, ಕಾಫಿ ಹೇಳ್ತೀನಿ” ಅನ್ನುವುದನ್ನು ನೋಡಲೆಂದೇ, ಇಲ್ಲದ ಸೋರಿಕೆಯ ನೆಪ ತೆಗೆದು ಆಗಾಗ ಮೇಲೆ ಹತ್ತಿ ಬರುತ್ತಿದ್ದ. ಮಂಗಮ್ಮನ ಪಿತ್ತಕೋಶದಲ್ಲಿ ಕಲ್ಲಿದೆ ಎಂದಾಗ, ಬಿಟಿಎಂ ಲೇಔಟಿನಲ್ಲಿರುವ ಮಗಳು ಶ್ವೇತ, ಜಯನಗರದ ಕಡೆ ಯಾವುದಾದರೂ ದೊಡ್ಡ ಆಸ್ಪತ್ರೆಗೆ ತೋರಿಸೋಣ ಎಂದಿದ್ದಳು. “ಅಂಗೈಯಲ್ಲಿ ಬೆಣ್ಣೆ ಇಟ್ಕೊಂಡು ತುಪ್ಪಕ್ಕೆ ಊರೆಲ್ಲ ಅಲೀತಾರೇನೇ?” ಎಂದು ಅವಳ ಬಾಯಿ ಮುಚ್ಚಿಸಿದ್ದ. ಕಲ್ಲು ತೆಗೆದರು. ಸಣ್ಣ ಡಬ್ಬಿಯಲ್ಲಿ ಹಾಕಿಯೂ ಕೊಟ್ಟರು. ಮಂಗಮ್ಮ ಅದನ್ನು ಅಲುಗಿಸಿ ನೋಡಿ, ಹುರಿಗಡಲೆ ಥರ ಇದೆಯಲ್ಲ ಎಂದು ನಕ್ಕಿದ್ದಳು. ಮನೆಗೆ ಹೊರಡುವ ದಿನ ಜ್ವರ ಬಂತು. ಆಮೇಲೆ ಹೊಲಿಗೆ ಹಾಕಿದಲ್ಲಿ ಕೀವು, ಕೀವಿನಿಂದ ರಕ್ತಕ್ಕೆ ನಂಜು, ರಕ್ತದಿಂದ ಶ್ವಾಸಕೋಶಕ್ಕೆ. ಈಗ ಅವಳ ಬಾಯೊಳಗೆ ಕೊಳವೆ, ಎದೆಯನ್ನು ಯಂತ್ರ ಏರಿಸಿ ಇಳಿಸುತ್ತಿತ್ತು. ಶ್ವೇತ ಅದೇ ದೊಡ್ಡ ಆಸ್ಪತ್ರೆಗಳಿಗೆ ಫೋನ್ ಮಾಡಿದರೆ, ಇಂಥ ಸೋಂಕಿನವರಿಗೆ ಬೇರೆ ಕೋಣೆ ಬೇಕು, ಖಾಲಿಯಿಲ್ಲ, ಈ ಸ್ಥಿತಿಯಲ್ಲಿ ಸಾಗಿಸುವುದೂ ಕಷ್ಟ ಎಂದರು. ಮಂಗಮ್ಮ ಬದುಕುತ್ತಾಳೋ ಇಲ್ಲವೋ ಎಂಬುದನ್ನು ಈ ಕೋಣೆಯಲ್ಲಿ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಗಂಗಾಧರಯ್ಯನಿಗೆ ಭಯವಾಗಿತ್ತು. ಭಯವಾದಾಗ ಅವನಿಗೆ ಸಿಟ್ಟೊಂದೇ ಬರುತ್ತಿದ್ದದ್ದು, ಬೇರೆ ಏನು ಮಾಡಬೇಕೆಂದು ಅವನು ಕಲಿತಿರಲಿಲ್ಲ.

ಸೋಂಕಿನ ವಿಷಯದಲ್ಲೇ ಓದಿದವರು ಎಂದು ದಿನೇಶ ಹೊರಗಿನಿಂದ ಕರೆಸಿದ್ದ ಡಾಕ್ಟರ್ ಚೈತ್ರ ಬಂದದ್ದು ಆಗ. ನೋಡಿದರೆ ಹೈಸ್ಕೂಲು ಟೀಚರಮ್ಮ ಅನ್ನಬೇಕು, ಮೊಣಕೈವರೆಗೆ ತೋಳು ಮಡಿಚಿಕೊಂಡಿದ್ದಳು, ಕೈಯಲ್ಲಿ ಬಳೆಯಿಲ್ಲ, ವಾಚಿಲ್ಲ. ಬೋಳುಗೈ ಹೆಂಗಸು ಬೆಳಿಗ್ಗೆ ಬೆಳಿಗ್ಗೆ ಎದುರಾಯಿತಲ್ಲ ಎಂದು ಬೀಗಿತ್ತಿ ಮುಖ ಹುಳ್ಳಗೆ ಮಾಡಿದಳು. ಡಾಕ್ಟರಮ್ಮ ಎಲ್ಲರನ್ನೂ ಹೊರಗೆ ಹೋಗಿ ಎಂದಳು. ಹಾಗೆ ಹೇಳಿಸಿಕೊಂಡು ಅಭ್ಯಾಸವಿಲ್ಲದ ನೆಂಟರು ಗಂಗಾಧರಯ್ಯನ ಮುಖ ನೋಡಿದರು. ಅವನು ಟವೆಲು ಕೊಡವಿದ ಮೇಲೆ ಗೊಣಗುತ್ತ ಹೊರಟರು. ಬೈರಮ್ಮನಿಗೆ ಕಣ್ಣು ಮಂಜು, ಗೋಡೆ ಹಿಡಿದುಕೊಂಡು ಕೊನೆಯಲ್ಲಿ ಹೋದಳು. ಶ್ವೇತ ಹೋಗಲಿಲ್ಲ, ಅಮ್ಮನ ತಲೆದೆಸೆಯಲ್ಲೇ ನಿಂತಳು. ಡಾಕ್ಟರಮ್ಮ ಕಾಗದಗಳನ್ನು ನೋಡಿದಳು, ಮಂಗಮ್ಮನನ್ನು ನೋಡಿದಳು, ಆಚೀಚೆ ಹಾಸಿಗೆಗಳನ್ನೂ ನೋಡಿದಳು. ಆ ಕ್ರಿಮಿಗೆ ಕ್ಲೆಬ್ಸಿಯೆಲ್ಲಾ ಎಂದು ಹೆಸರು ಹೇಳಿದಳು. ಕನಕಪುರ ರಸ್ತೆಯಲ್ಲಿ ಹೊಸದಾಗಿ ಎದ್ದ ಅಪಾರ್ಟ್‌ಮೆಂಟಿನ ಹೆಸರಿನ ಹಾಗಿತ್ತು.

“ಇದು ಮನೆಯಿಂದ ತಂದಿದ್ದಲ್ಲ ಸಾರ್, ಇಲ್ಲೇ ಅಂಟಿಕೊಂಡಿದ್ದು,” ಎಂದಳು. “ಒಬ್ಬ ಪೇಷೆಂಟಿಂದ ಇನ್ನೊಬ್ಬರಿಗೆ. ನಮ್ಮ ಹತ್ರ ಇರೋ ಆ್ಯಂಟಿಬಯಾಟಿಕ್ ಎಲ್ಲಾ ಅದು ನೋಡಿಬಿಟ್ಟಿದೆ, ಯಾವುದಕ್ಕೂ ಬಗ್ತಿಲ್ಲ. ಹಳೇದು ಒಂದು ಇಂಜೆಕ್ಷನ್ ಉಳಿದಿದೆ, ಅದು ಕಿಡ್ನಿಗೆ ಪೆಟ್ಟು ಕೊಡತ್ತೆ. ಆದರೂ ಕೊಡ್ತಿದ್ದೀವಿ, ಬೇರೆ ದಾರಿ ಇಲ್ಲ.”

“ಹೆಂಗೆ ಅಂಟ್ತು ಮೇಡಂ? ಸೊಳ್ಳೆ ಗಿಳ್ಳೆಯಿಂದನಾ?” ಎಂದ ಗಂಗಾಧರಯ್ಯ. ಸೊಳ್ಳೆಯಾದರೆ ಕಾರ್ಪೊರೇಶನ್ನಿನವರನ್ನು ಬೈಯಬಹುದಿತ್ತು.

“ಕೈಯಿಂದ,” ಎಂದಳು. “ನರ್ಸ್ ಕೈ, ಡಾಕ್ಟರ್ ಕೈ, ನಿಮ್ಮನೆಯವರ ಕೈ. ಒಬ್ಬರನ್ನ ಮುಟ್ಟಿ, ತೊಳೀದೆ ಇನ್ನೊಬ್ಬರನ್ನ ಮುಟ್ಟಿದ್ರೆ ಸಾಕು.” ಆಮೇಲೆ ದಿನೇಶನ ಕಡೆ ತಿರುಗಿ, “ಅಂದಹಾಗೆ ಡಾಕ್ಟ್ರೇ, ಇಲ್ಲಿ ಬೇಸಿನ್ ಎಲ್ಲಿದೆ? ಬಂದಾಗಿಂದ ಹುಡುಕ್ತಿದೀನಿ.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಗಂಗಾಧರಯ್ಯ ಹೆಗಲ ಮೇಲಿನ ಟವೆಲನ್ನು ಸುಮ್ಮನೆ ಆ ಹೆಗಲಿನಿಂದ ಈ ಹೆಗಲಿಗೆ ಹಾಕಿಕೊಂಡ. ಕಾರಿಡಾರಿನ ಕೊನೆಯಲ್ಲಿ ಟಾಯ್ಲೆಟ್ಟಿನ ಹತ್ತಿರ ಇದೆ ಮೇಡಂ, ಎಂದ ದಿನೇಶ. ಪ್ರತಿ ಸಲ ಪೇಷೆಂಟನ್ನು ಮುಟ್ಟಿದಾಗಲೂ ಯಾವ ನರ್ಸು ಅಷ್ಟು ದೂರ ಹೋಗಿಬರುತ್ತಾಳೆ, ಇರುವವರೇ ಇಬ್ಬರು, ಎಂದು ಅವಳು ಕೇಳಿದಳು. ಆ ಇಬ್ಬರು ನರ್ಸುಗಳು ತಲೆ ತಗ್ಗಿಸಿದರು. ಚೈತ್ರ ಕೋಣೆಯನ್ನೆಲ್ಲ ಸುತ್ತಿ, ಒಂದು ಮೂಲೆಯ ಮುಂದೆ ನಿಂತಳು. ಅಲ್ಲಿ ಗೋಡೆಗೆ ಗಾಜು ಹಾಕಿಸಿದ ದೊಡ್ಡ ಆಂಜನೇಯನ ಫೋಟೊ, ಅದರ ನೆತ್ತಿಯ ಮೇಲೆ ಹಗಲೂ ರಾತ್ರಿ ಉರಿಯುವ ಒಂದು ಕೆಂಪು ಬಲ್ಬು. ಮುಟ್ಟಬೇಡಿ ಎನ್ನಬೇಕೆನ್ನಿಸಿತು ಗಂಗಾಧರಯ್ಯನಿಗೆ. ಅಷ್ಟರಲ್ಲಿ ಅವಳು ಫೋಟೊವನ್ನು ಎರಡೂ ಕೈಯಿಂದ ಮರ್ಯಾದೆಯಿಂದಲೇ ಎತ್ತಿ ಕೆಳಗಿಟ್ಟಳು. ಹಿಂದೆ, ಬೂಚು ಹೊಡೆದ ನಲ್ಲಿಯ ಪೈಪು, ಬೋಲ್ಟಿನ ತೂತುಗಳು, ಬೇರೆ ಬಣ್ಣದ ಸಿಮೆಂಟಿನಲ್ಲಿ ಮೆತ್ತಿದ ಒಂದು ತೇಪೆ.

“ಲೈನ್ ಇದೆಯಲ್ಲ ಇಲ್ಲಿ. ಬೇಸಿನ್ ಯಾರು ಕಿತ್ತಿದ್ದು?”

ದಿನೇಶ ಗಂಗಾಧರಯ್ಯನನ್ನು ನೋಡಿದ. ಒಂದು ಕ್ಷಣ ಅಷ್ಟೆ, ಆಮೇಲೆ ಕೆಂಪು ಬಲ್ಬನ್ನು ನೋಡಿದ. “ಪ್ಲಂಬಿಂಗ್ ಪ್ರಾಬ್ಲಮ್ ಇತ್ತು ಮೇಡಂ. ಸೀಪೇಜು,” ಎಂದ. ಹೇಡಿ, ಎಂದುಕೊಂಡ ಗಂಗಾಧರಯ್ಯ. ಅಗ್ರಿಮೆಂಟಿನ ಅವಧಿ ಮುಗಿಯುತ್ತ ಬಂದಿದೆ, ಅದಕ್ಕೇ ನುಂಗಿಕೊಂಡ. ಬೆನ್ನುಮೂಳೆ ಇಲ್ಲದವನು, ಇಂಥವನ ಕೈಗೆ ಜೀವ ಕೊಟ್ಟೆನಲ್ಲ. ತನ್ನನ್ನು ಉಳಿಸಿದ್ದಕ್ಕೇ ಅವನನ್ನು ಹೀಗೆ ಬೈಯುತ್ತಿದ್ದೇನೆಂದು ಗೊತ್ತಾಗಿ, ಇನ್ನೂ ನಾಲ್ಕು ಮಾತು ಬೈದುಕೊಂಡ.

ಬೇಸಿನ್ನನ್ನು ಅಲ್ಲಿ ಕೂರಿಸಿದ್ದವನು ದಿನೇಶನೇ, ನರ್ಸಿಂಗ್ ಹೋಮ್ ಶುರು ಮಾಡಿದ ಹೊಸದರಲ್ಲಿ. ಮೊಣಕೈಯಿಂದ ತಿರುಗಿಸುವ ಉದ್ದ ಹಿಡಿಯ ನಲ್ಲಿ. ಅದನ್ನು ನೋಡಿ, ಕೈ ಇರುವಾಗ ಮೊಣಕೈ ಯಾಕೆ ಇವರಿಗೆ ಎಂದು ಗಂಗಾಧರಯ್ಯ ನಕ್ಕಿದ್ದ. ಅದೇ ವರ್ಷ ಮಂಗಮ್ಮನಿಗೆ ಮಂಡಿನೋವು, ಮೈಕೈ ನೋವು, ಎದ್ದರೆ ಕೂರಲಾರಳು, ಕೂತರೆ ಏಳಲಾರಳು. ಗಿರಿನಗರದಿಂದ ವಾಸ್ತುವಿನವನೊಬ್ಬ ಬಂದ, ಪಂಚೆ ಉಟ್ಟು, ಮೊಬೈಲಿನಲ್ಲೇ ದಿಕ್ಕು ನೋಡುವವನು. ಮನೆ ಸುತ್ತಿದ, ಏನೂ ಸಿಗಲಿಲ್ಲ. ಏನೂ ಸಿಗದಿದ್ದರೆ ಅವನ ಹೊಟ್ಟೆ ತುಂಬಬೇಕಲ್ಲ, ನಿಮ್ಮ ಹೆಸರಿನಲ್ಲಿ ಬೇರೆ ಕಟ್ಟಡವಿದೆಯಾ ಎಂದು ಕೇಳಿದ. ಆಸ್ಪತ್ರೆಗೆ ಬಂದು, ಮಹಡಿ ಮಹಡಿ ಹತ್ತಿ, ಐಸಿಯುನ ಈ ಮೂಲೆಯಲ್ಲಿ ನಿಂತು ತಲೆಯಾಡಿಸಿದ. ಆಗ್ನೇಯ ಅಗ್ನಿಯ ಜಾಗ, ಇಲ್ಲಿ ನೀರು ತಂದು ಕೂರಿಸಿದ್ದೀರಿ, ಮನೆಯ ಯಜಮಾನಿಯ ಆರೋಗ್ಯಕ್ಕೆ ಇದು ಎಂದೂ ಆಗಿಬರುವುದಿಲ್ಲ ಎಂದ. ನೀರು ತೆಗೆಸಿ, ಬೆಂಕಿಯ ಬದಲಿಗೆ ಒಂದು ಕೆಂಪು ಬಲ್ಬು ಹಾಕಿಸಿ, ಎಂದ. ಅವತ್ತು ಮಾತ್ರ ದಿನೇಶ ಬಾಯಿಬಿಟ್ಟಿದ್ದ. “ಸಾರ್, ಇದು ಐಸಿಯು, ಇಲ್ಲಿ ಕೈ ತೊಳೀಲೇಬೇಕು.” ಅದಕ್ಕೆ ಗಂಗಾಧರಯ್ಯ, “ಆಚೆ ಹೋಗಿ ತೊಳ್ಕೊಳ್ಳಿ ಡಾಕ್ಟ್ರೇ. ಕೈಯೇನು ಒಳಗಡೆ ಬಿಟ್ಟು ಹೋಗ್ತೀರಾ?” ಎಂದಿದ್ದ. ಆ ಮಾತು ಅವನಿಗೇ ಎಷ್ಟು ಹಿಡಿಸಿತ್ತೆಂದರೆ, ಆಮೇಲೆ ಪಂಚಾಯ್ತಿಕಟ್ಟೆಯಲ್ಲಿ, ಬೇಕರಿಯ ಮುಂದೆ, ಮೂರು ಮದುವೆ ಮನೆಗಳಲ್ಲಿ, ಬೇಸಿನ್ನಿನ ಸುದ್ದಿ ಬಿಟ್ಟು ಅದನ್ನಷ್ಟೇ ಹೇಳಿ ನಗಿಸಿದ್ದ. ಮಂಗಮ್ಮ ಮಾತ್ರ ನಕ್ಕಿರಲಿಲ್ಲ. “ನನ್ ಮಂಡಿಗೂ ಅವರ ಬೇಸಿನ್‌ಗೂ ಏನ್ರೀ ಸಂಬಂಧ?” ಎಂದಿದ್ದಳು. ಅಂದರೂ ಒಳಗೊಳಗೆ ಅವಳಿಗೆ ಹಿಗ್ಗು. ಅತ್ತಿಗೆ ಬೈರಮ್ಮನ ಹತ್ತಿರ, ನಮ್ಮೆಜಮಾನರು ನನಗೋಸ್ಕರ ಆಸ್ಪತ್ರೆ ಗೋಡೆಯನ್ನೇ ಒಡೆಸಿದರು ಎಂದು ಹೇಳಿಕೊಳ್ಳುತ್ತಿದ್ದುದನ್ನು ಅವನು ಪಡಸಾಲೆಯಿಂದ ಕೇಳಿಸಿಕೊಂಡಿದ್ದ. ಮದುವೆಯಾದಾಗಿನಿಂದ ಅವಳಿಗೆಂದೇ ಅವನು ಮಾಡಿದ ಕೆಲಸ ಅದೊಂದೇ ಇರಬೇಕು. ಸೀರೆ, ಒಡವೆ ಎಲ್ಲ ನೆಂಟರ ಕಣ್ಣಿಗೆಂದು ಕೊಡಿಸಿದ್ದು.

ಹೊರಗೆ ಬಂದರೆ ಶ್ವೇತ ಸೀಪೇಜಿನ ಕತೆಯನ್ನು, ಕಾಫಿಗೆಂದು ಕೆಳಗೆ ಬೇಕರಿಗೆ ಇಳಿದಿದ್ದ ಬೈರಮ್ಮನೊಬ್ಬಳನ್ನು ಬಿಟ್ಟು, ನೆಂಟರಿಗೆಲ್ಲ ಹೇಳಿಯಾಗಿತ್ತು. ಅವಳ ಕಣ್ಣು ಕೆಂಪಗಿತ್ತು. “ಅಪ್ಪಾ, ಕೈ ತೊಳಿಯೋ ಬೇಸಿನ್ನೇ ಕಿತ್ತು ಹಾಕಿದಾರೆ ಇವರು. ಅಮ್ಮನ್ನ ಕೊಲ್ತಿದಾರೆ. ಅಗ್ರಿಮೆಂಟ್ ಕ್ಯಾನ್ಸಲ್ ಮಾಡಿ, ಓಡಿಸಿ ಇವರನ್ನ. ನಾನು ಕೇಸ್ ಹಾಕ್ತೀನಿ.” ಓಡಿಸೋಣ, ಎಂದ ಅವನು. ಮಾತು ಎಷ್ಟು ಸಲೀಸಾಗಿ ಬಂತೆಂದರೆ ಅವನಿಗೇ ಆಶ್ಚರ್ಯವಾಯಿತು. ಅಷ್ಟರಲ್ಲಿ ಬೀಗ, ಬಾಯಿ ಕಿಸಿದ ಬೂಟನ್ನು ಮೆಟ್ಟಿಕೊಂಡು, ದಿನೇಶನ ಎದೆಗೆ ಬೆರಳು ತಿವಿಯುತ್ತಿದ್ದ: ಏನ್ರೀ, ದುಡ್ಡು ತಗೊಳ್ಳೋಕೆ ಬರತ್ತೆ, ಒಂದು ಬೇಸಿನ್ ಹಾಕ್ಸೋಕೆ ಬರಲ್ವಾ? ಬೇಕರಿಯ ಹುಡುಗರು ಮೆಟ್ಟಿಲ ಮೇಲೆ ನಿಂತು ತಮಾಷೆ ನೋಡುತ್ತಿದ್ದರು. ದಿನೇಶ ಮತ್ತೆ ಗಂಗಾಧರಯ್ಯನನ್ನು ನೋಡಿದ, ಈ ಸಲ ಸ್ವಲ್ಪ ಹೆಚ್ಚು ಹೊತ್ತು. ಎಲ್ಲರೂ ಯಜಮಾನ ಏನು ಹೇಳುತ್ತಾನೋ ಎಂದು ಕಾದರು. ಈಗ ಹೇಳಿದರೆ ಆಗುತ್ತಿತ್ತು. ಒಂದು ವಾಕ್ಯದ ಕೆಲಸ. ಆದರೆ ನಲವತ್ತು ವರ್ಷ ಪಂಚಾಯ್ತಿಕಟ್ಟೆಯಲ್ಲಿ ಬೇರೆಯವರ ತಪ್ಪು ತೀರ್ಮಾನ ಮಾಡಿದ ನಾಲಿಗೆ ಅದು, ಹಳೆಯ ದಾರಿಯನ್ನೇ ಹಿಡಿಯಿತು. “ಏನ್ರೀ ಡಾಕ್ಟ್ರೇ, ಇಷ್ಟೊಂದು ಬೇಜವಾಬ್ದಾರಿನಾ?” ಎಂದು ಗದರಿದ. ಧ್ವನಿ ಚೆನ್ನಾಗಿ ಎದ್ದಿತು, ಕಾರಿಡಾರಿನ ತುದಿಯವರೆಗೂ ಹೋಯಿತು. “ಸಾರಿ ಸಾರ್,” ಎಂದ ದಿನೇಶ, ಕೈ ಕಟ್ಟಿಕೊಂಡು. ನೆಂಟರಿಗೆ ಸಮಾಧಾನವಾಯಿತು. ಹಾಗೆ ಕೇಳಬೇಕು ಎಂದು ಬೀಗಿತ್ತಿ ತಲೆಯಾಡಿಸಿದಳು. ಗಂಗಾಧರಯ್ಯನಿಗೆ ತನ್ನ ಮೇಲೆ ಹೇಸಿಗೆ ಹುಟ್ಟಿತು, ಆದರೆ ಅದು ಹೊರಗೆ ಕಾಣುವಂಥದಲ್ಲವಲ್ಲ ಎಂಬ ಧೈರ್ಯವೂ ಜೊತೆಗೇ ಹುಟ್ಟಿತು.

ಗೋಡೆಬದಿಯ ಬೆಂಚಿನ ಪಕ್ಕ ಮನಿಪ್ಲಾಂಟಿನ ಕುಂಡ ಇತ್ತು. ಅದರ ಹತ್ತಿರ ಕೂತಾಗ ಲಕ್ಕವ್ವ ನೆನಪಾದಳು. ರಾಯಚೂರು ಕಡೆಯವಳು, ಅವಳ ಗಂಡ ಕಟ್ಟಡದ ಕೆಲಸದಲ್ಲಿ ಸಾರುವೆಯಿಂದ ಬಿದ್ದು, ಮಂಗಮ್ಮನ ಪಕ್ಕದ ಹಾಸಿಗೆಯಲ್ಲಿದ್ದ. ಹಗಲೆಲ್ಲ ಇದೇ ಕುಂಡದ ಪಕ್ಕ ಮಂಡಿ ಮಡಚಿ ಕೂತಿರುತ್ತಿದ್ದಳು, ಕಟ್ಟಡದವರು ಬಿಟ್ಟುಹೋದ ಮೂಟೆಯ ಹಾಗೆ. ಒಂದು ದಿನ ಬಟ್ಟೆಗಂಟು ಬಿಚ್ಚಿ ರೊಟ್ಟಿ ತಿನ್ನುವ ಮುಂಚೆ, ಬಾಟಲಿಯ ನೀರನ್ನು ಕೈಮೇಲೆ ಸುರಿದುಕೊಂಡು ಕುಂಡದೊಳಗೆ ತೊಳೆಯುತ್ತಿದ್ದಳು. ನಾಲ್ಕು ಹನಿ ನೆಲದ ಗ್ರಾನೈಟಿನ ಮೇಲೆ ಬಿದ್ದಿತ್ತು. “ಇದೇನು ನಿಮ್ಮೂರ ಹಳ್ಳ ಅಂದ್ಕೊಂಡ್ಯಾ? ನೆಲ ಎಲ್ಲಾ ರಾಡಿ ಮಾಡ್ತೀಯಲ್ಲ,” ಎಂದು ರೇಗಿದ್ದ. “ತಪ್ಪಾತ್ರೀ ಯಪ್ಪಾ. ಕೈ ತೊಳಿಯಾಕ ಜಾಗಾ ಕಾಣಲಿಲ್ಲ,” ಎಂದು ಅವಳು ಸೆರಗಿನಿಂದಲೇ ನೆಲ ಒರೆಸಿದ್ದಳು. ಆ ಗಂಡಸು ಸತ್ತುಹೋದ. ಮೂಳೆ ಮುರಿದವನು ಜ್ವರ ಬಂದು ಯಾಕೆ ಸತ್ತ ಎಂದು ಯಾರೂ ಕೇಳಲಿಲ್ಲ, ಅವನಿಗೆ ಯಾವ ಚೈತ್ರ ಮೇಡಮ್ಮನನ್ನೂ ಕರೆಸಲಿಲ್ಲ, ಅವನ ಕಡೆಯವರು ಯಾರೂ ಯಾರ ಎದೆಗೂ ಬೆರಳು ತಿವಿಯಲಿಲ್ಲ. ಗಂಗಾಧರಯ್ಯನಿಗೆ ಅವತ್ತು ಅನ್ನಿಸಿದ್ದು, ಹಾಸಿಗೆ ಖಾಲಿಯಾಯಿತು, ಮಂಗಮ್ಮನಿಗೆ ಗಾಳಿ ಚೆನ್ನಾಗಿ ಆಡುತ್ತದೆ, ಎಂದು.

ಶ್ವೇತ ಬಂದು, ಮನೆಗೆ ಹೋಗಿ ಸ್ನಾನ ಮಾಡಿ ಏನಾದರೂ ತಿಂದು ಬನ್ನಿ ಎಂದಳು. ಮಗಳು ಹಾಗೆ ಮೃದುವಾಗಿ ಮಾತಾಡಿದ್ದು ಅವನಿಗೆ ಬೈಗುಳಕ್ಕಿಂತ ಕಷ್ಟವಾಯಿತು. ಕನಕಪುರ ರಸ್ತೆ ದಾಟಿ ಗಲ್ಲಿಯೊಳಗೆ ನಡೆದ. ಬಾಡಿಗೆಮನೆಗಳ ಹುಡುಗರು ಕಿವಿಗೆ ವೈರು ಸಿಕ್ಕಿಸಿಕೊಂಡು ಬರುತ್ತಿದ್ದರು, ಒಬ್ಬನೂ ಯಜಮಾನನಿಗೆ ದಾರಿ ಬಿಡಲಿಲ್ಲ. ಅಡುಗೆಮನೆಯಲ್ಲಿ ಒಂದು ಲೋಟ ನೀರಿಗೆಂದು ಕೈಹಾಕಿದರೆ ಸಿಕ್ಕಿದ್ದು ಮಂಗಮ್ಮನ ಬಿಸ್ಕತ್ತಿನ ಡಬ್ಬಿ. ಒಳಗೆ ಬಿಸ್ಕತ್ತಿಲ್ಲ, ಮಾತ್ರೆಗಳು. ಕೆಮ್ಮು ಬಂದರೆ, ಹಲ್ಲು ನೋವಾದರೆ, ಮೊಮ್ಮಗಳಿಗೆ ಮೈ ಬಿಸಿಯಾದರೆ, ತಾನೇ ಮೆಡಿಕಲ್ ಶಾಪಿಗೆ ಹೋಗಿ, ಆ ದಪ್ಪದ್ದು ಕೊಡಪ್ಪ ಎಂದು ತಂದ ಸ್ಟ್ರಿಪ್ಪುಗಳು. ಎರಡು ನುಂಗಿ ವಾಸಿಯಾಯಿತೆಂದು ಮಿಕ್ಕದ್ದನ್ನು ಉಪ್ಪಿನಕಾಯಿಯ ಹಾಗೆ ಎತ್ತಿಟ್ಟಿದ್ದರು, ಮುಂದಿನ ಸಲಕ್ಕೆ ಆಗುತ್ತದೆಂದು. ಡಾಕ್ಟರ ಹತ್ತಿರ ಹೋದವನಿಗೆ ಕೆಲಸವಿಲ್ಲ ಎಂಬುದು ಮನೆಯ ಜಾಣತನವಾಗಿತ್ತು. ಅದು ಎಲ್ಲಾ ನೋಡಿಬಿಟ್ಟಿದೆ ಎಂದ ಆ ಬೋಳುಗೈ ಡಾಕ್ಟರಮ್ಮನ ಮಾತು ನೆನಪಾಗಿ, ಡಬ್ಬಿ ಮುಚ್ಚಿ ಹಿತ್ತಲಿಗೆ ಬಂದ.

ಹಿತ್ತಲಲ್ಲಿ, ಸಂಪಿನ ಪಕ್ಕ, ಎರಡು ಸಿಮೆಂಟ್ ಇಟ್ಟಿಗೆಗಳ ಮೇಲೆ ಆ ಬೇಸಿನ್ನು ಕೂತಿತ್ತು. ಕಿತ್ತ ಮಾಲನ್ನು ಯಾಕೆ ಬಿಡಬೇಕೆಂದು ಅವನೇ ಆಟೊದಲ್ಲಿ ಹಾಕಿಸಿಕೊಂಡು ಬಂದಿದ್ದ, ದಿನೇಶ ದುಡ್ಡು ಕೊಟ್ಟು ತಂದದ್ದನ್ನು. ಮಂಗಮ್ಮ ಅದಕ್ಕೆ ಮಣ್ಣು ತುಂಬಿ ದೊಡ್ಡಪತ್ರೆ ನೆಟ್ಟಿದ್ದಳು. ಸೊಂಪಾಗಿ ಬೆಳೆದು ಅಂಚು ದಾಟಿ ಜೋತಾಡುತ್ತಿತ್ತು. ತಂಬುಳಿಗೆ, ಬಜ್ಜಿಗೆ, ಮಗುವಿನ ಶೀತಕ್ಕೆ ಎಲ್ಲ ಅಲ್ಲಿಂದಲೇ. ಯಾರೂ ನೀರು ಹಾಕದೆ ಈಗ ಎಲೆ ಸೊರಗಿತ್ತು. ಬಿಳಿ ಪಿಂಗಾಣಿಯ ಅಂಚಿನಲ್ಲಿ ಅವಳ ಬೆರಳಿನ ಮಣ್ಣಿನ ಗುರುತು ಹಾಗೇ ಒಣಗಿತ್ತು. ಗಂಗಾಧರಯ್ಯ ಅದನ್ನು ನೋಡುತ್ತ ನಿಂತು, ಇದ್ದಕ್ಕಿದ್ದಂತೆ ಜೇಬಿನಿಂದ ಫೋನ್ ತೆಗೆದು ಪ್ಲಂಬರಿಗೆ ಹಚ್ಚಿದ. ಒಂದು ಬೇಸಿನ್ ಕೂರಿಸಬೇಕು, ಈಗಲೇ ಬಾ, ಎಂದ. ಎಲ್ಲಿ ಸಾರ್, ಎಂದು ಕೇಳಿದ ಪ್ಲಂಬರು. ಆಸ್ಪತ್ರೆಯಲ್ಲಿ, ಐಸಿಯು ಒಳಗೆ.

“ಅದು ನಾವೇ ಕಿತ್ತಿದ್ದಲ್ವಾ ಸಾರ್?” ಎಂದ ಅವನು, ಏನೂ ಗೊತ್ತಿಲ್ಲದ ಉತ್ಸಾಹದಲ್ಲಿ. “ಯಾಕೆ, ವಾಸ್ತು ಚೇಂಜ್ ಆಯ್ತಾ?”

ಫೋನ್ ಕಟ್ ಮಾಡಿದ. ನಾಲ್ಕು ಜನರ ಮುಂದೆ ಇವನು ಸ್ಪ್ಯಾನರು ಹಿಡಿದು ಬಂದು ಇದನ್ನೇ ಕೇಳಿದರೆ? ಶ್ವೇತ ಅಲ್ಲೇ ಇದ್ದಾಳೆ. ಬೀಗ ಇದ್ದಾನೆ, ಊರಿಗೆಲ್ಲ ಡಂಗುರ ಹೊಡೆಯಲು ಅವನೊಬ್ಬ ಸಾಕು. ಅದೂ ಅಲ್ಲದೆ ಇನ್ನೊಂದು ಯೋಚನೆ, ಅದರ ಮುಖ ನೋಡಲು ಅವನಿಗೇ ನಾಚಿಕೆ. ವಾಸ್ತುವಿನವನು ಹೇಳಿದ್ದು ನಿಜವೇ ಆಗಿದ್ದರೆ? ಅವಳು ಅಲ್ಲಿ ದಡಕ್ಕೂ ನೀರಿಗೂ ನಡುವೆ ಇರುವಾಗ, ಈ ಹೊತ್ತಿನಲ್ಲಿ ಆಗ್ನೇಯಕ್ಕೆ ಮತ್ತೆ ನೀರು ತಂದು ಏನಾದರೂ ಆಗಿಬಿಟ್ಟರೆ? ಡಾಕ್ಟರಮ್ಮ ಹೇಳಿದ್ದನ್ನು ಅವನು ನಂಬಿದ್ದ. ನಂಬಿದ ಮೇಲೂ ಹಳೆಯ ಭಯ ತನ್ನ ಜಾಗ ಬಿಟ್ಟು ಏಳಲಿಲ್ಲ. ಅವಳು ವಾಸಿಯಾಗಿ ಮನೆಗೆ ಬರಲಿ. ಬಂದ ಮೇಲೆ, ಯಾರೂ ಇಲ್ಲದಾಗ, ಸದ್ದಿಲ್ಲದೆ ಹಾಕಿಸಿದರಾಯಿತು. ಹಳೆಯದು ಬೇಡ, ಹೊಸದೇ ತರಿಸೋಣ, ಮೊಣಕೈ ನಲ್ಲಿಯದೇ. ಹೀಗೆ ತೀರ್ಮಾನಿಸಿದ ಮೇಲೆ ಅವನಿಗೆ ಅರ್ಧ ತಪ್ಪು ಆಗಲೇ ಕಳೆದ ಹಾಗೆ ಹಗುರವಾಯಿತು. ಸಂಪಿನಿಂದ ಒಂದು ಚೊಂಬು ನೀರೆತ್ತಿ ದೊಡ್ಡಪತ್ರೆಗೆ ಹಾಕಿದ. ಬೇಸಿನ್ನಿನ ಕೆಳಗಿನ ತೂತಿನಿಂದ ಮಣ್ಣುನೀರು ತೊಟ್ಟಿಕ್ಕತೊಡಗಿತು. ನಾಳೆ ಅವಳಿಗೆ ಎಚ್ಚರವಾದರೆ, ಗಿಡಕ್ಕೆ ನೀರು ಹಾಕಿದ್ದೇನೆ ಎಂದು ಹೇಳಬೇಕೆಂದುಕೊಂಡ. ಇನ್ನೊಂದು ಚೊಂಬು ಎತ್ತುವಾಗ ಶ್ವೇತಳ ಫೋನ್ ಬಂತು. ಅಪ್ಪಾ ಎಂದಳು, ಆಮೇಲೆ ಬರೀ ಉಸಿರು.

ಅವನು ಹೋಗುವ ಹೊತ್ತಿಗೆ ಬಾಯಿಯ ಕೊಳವೆ ತೆಗೆದಿದ್ದರು. ಯಂತ್ರ ನಿಂತಿತ್ತು. ತುಟಿಯ ಎರಡೂ ಕಡೆ ಪ್ಲಾಸ್ಟರು ಅಂಟಿಸಿದ್ದ ಗುರುತು ಕೆಂಪಗೆ ಉಳಿದಿತ್ತು, ಮತ್ತೆ ಮುಖ ಅವಳದೇ ಮುಖ, ಮಧ್ಯಾಹ್ನ ಒಂದು ಗಳಿಗೆ ಅಡ್ಡಾದವಳ ಹಾಗೆ. ಗಂಗಾಧರಯ್ಯ ಅವಳ ಪಾದ ಹಿಡಿದುಕೊಂಡ. ತಣ್ಣಗಿತ್ತು. ಅಳು ಬಂತು, ಬಾಯಿಬಿಟ್ಟು ಅತ್ತ. ನೆಂಟರು ನೋಡುತ್ತಿದ್ದಾರೆಂಬುದು ಮೊದಲ ಬಾರಿಗೆ ಅವನ ಮನಸ್ಸಿಗೆ ಬರಲಿಲ್ಲ. ಸುತ್ತ ಹೆಂಗಸರು ಅವಳ ಮೇಲೆ ಬಿದ್ದು ಹೆಸರು ಹಿಡಿದು ಕೂಗಿ ಅಳುತ್ತಿದ್ದರು. ಬೈರಮ್ಮ ಅವಳ ಗಲ್ಲಕ್ಕೆ ಕೆನ್ನೆ ಒತ್ತಿದ್ದಳು. ಬಾಗಿಲಲ್ಲಿ ದಿನೇಶ ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದ, ಒಳಗೆ ಬರಲು ಅಪ್ಪಣೆ ಬೇಕೆಂಬವನ ಹಾಗೆ. ಆ ಕಡೆಯ ಹಾಸಿಗೆಯಲ್ಲಿ ಮೂಗಿಗೆ ಕೊಳವೆ ಹಾಕಿಸಿಕೊಂಡ ಮುದುಕನೊಬ್ಬ ಈ ಗದ್ದಲವನ್ನು ಹೆದರಿದ ಕಣ್ಣಿನಿಂದ ನೋಡುತ್ತಿದ್ದ.

ಅಳು ಒಂದು ಹದಕ್ಕೆ ಬಂದಾಗ, ನರ್ಸು ಬಿಳಿ ಬಟ್ಟೆಯನ್ನು ಮುಖದವರೆಗೆ ಎಳೆದಳು. ಶ್ವೇತಳನ್ನು ಬಿಟ್ಟು ಎಲ್ಲರೂ ಎದ್ದು ಹಿಂದಕ್ಕೆ ಸರಿದರು. ಸರಿದವರು ಒಬ್ಬೊಬ್ಬರಾಗಿ, ಯಾರೂ ಹೇಳದೆಯೇ, ಎರಡೂ ಕೈಗಳನ್ನು ಮೈಗೆ ತಾಕದ ಹಾಗೆ ಮುಂದೆ ಚಾಚಿ ಹಿಡಿದುಕೊಂಡರು. ಬೀಗಿತ್ತಿ ಸೆರಗು ಜಾರಿದ್ದನ್ನೂ ಮುಟ್ಟಲಿಲ್ಲ, ಮೊಣಕೈಯಿಂದಲೇ ಮೇಲೆ ತಳ್ಳಿಕೊಂಡಳು. ಬೀಗ ಜೇಬಿನಲ್ಲಿ ಫೋನ್ ಹೊಡೆದುಕೊಳ್ಳುತ್ತಿದ್ದರೂ ತೆಗೆಯಲಿಲ್ಲ. ಬದುಕಿದ್ದವಳನ್ನು ಹಗಲೂ ರಾತ್ರಿ ಹೇಗೆ ಬೇಕೋ ಹಾಗೆ ಮುಟ್ಟಿ ಮುಟ್ಟಿ ಹೋದ ಕೈಗಳು, ಸತ್ತಿದ್ದಾಳೆಂದ ಕೂಡಲೇ ಮಡಿ ಕಲಿತಿದ್ದವು. ಹೆಣ ಮುಟ್ಟಿದ ಕೈಯಲ್ಲಿ ಬಾಗಿಲ ಚಿಲಕವನ್ನೂ ಮುಟ್ಟಬಾರದೆಂದು ಎಲ್ಲರಿಗೂ ಗೊತ್ತು, ಹುಟ್ಟಿದಾಗಿನಿಂದ ಗೊತ್ತು. ಗಂಗಾಧರಯ್ಯ ನೋಡಿಕೊಂಡರೆ ಅವನ ಕೈಯೂ ಹಾಗೆಯೇ ಗಾಳಿಯಲ್ಲಿ ನಿಂತಿತ್ತು.

“ಗಂಗಾ,” ಎಂದಳು ಬೈರಮ್ಮ, ಮಂಜುಗಣ್ಣಿನಿಂದ ಗೋಡೆಗಳನ್ನು ತಡಕುತ್ತ. “ಕೈ ತೊಳ್ಕಳಕ್ಕೆ ಇಲ್ಲಿ ನೀರೆಲ್ಲೈತಪ್ಪಾ?”

ದಿನೇಶ ನೆಲ ನೋಡಿದ. ಫೋಟೊ ಇನ್ನೂ ಕೆಳಗೇ ಇತ್ತು, ಗೋಡೆಗೆ ಆನಿಸಿಕೊಂಡು. ಬೂಚು ಹೊಡೆದ ಪೈಪಿನ ಮೇಲೆ ಕೆಂಪು ಬಲ್ಬು ಉರಿಯುತ್ತಿತ್ತು. ಗಂಗಾಧರಯ್ಯನ ಕೈ ತಾನಾಗಿಯೇ ಆ ಕಡೆ ಎದ್ದಿತು.

“ಅಲ್ಲಿತ್ತು,” ಎಂದ.

ಬೈರಮ್ಮ ಕತ್ತು ಚಾಚಿ ಕೆಂಪು ಬೆಳಕಿನ ಕಡೆ ನೋಡಿದಳು. ಅವಳಿಗೆ ನೆನಪಾಯಿತು, ಮುಖ ಇನ್ನೊಮ್ಮೆ ಅಳುವಿಗೆ ತಿರುಗಿತು.

“ಅಯ್ಯೋ, ಅದಾ,” ಎಂದಳು. “ಮಂಗಿ ಚೆನ್ನಾಗಿರ್ಲಿ ಅಂತ ನೀನು ಕೀಳ್ಸಿದ್ಯಲ್ಲ, ಅದು. ಹೇಳ್ಕಂಡು ಹೇಳ್ಕಂಡು ನಗೋಳು ನನ್ನ ತಾವ. ಏಟೊಂದು ಮಾಡ್ದೆ ಕಣಪ್ಪ ನೀನು ಅವಳಿಗೆ.”

ಅಮ್ಮನ ಕಾಲಬುಡದಲ್ಲಿ ತಲೆಯಿಟ್ಟುಕೊಂಡಿದ್ದ ಶ್ವೇತ ತಲೆಯೆತ್ತಿ ಅಪ್ಪನನ್ನು ನೋಡಿದಳು.